ಇಳಿಜಾರು ನೆಲದ ಮೇಲೆ ಕಾರ್ ಲಿಫ್ಟ್: ನಿಲ್ಲಲು ಜಾಗ ಕೇಳಿದ ಆರ್ಕಿಮಿಡೀಸ್ ಕಥೆ

ಮನೆಯ ಕಾರ್ ಶೆಡ್ಡಿನಲ್ಲೇ ಎರಡು ಕಬ್ಬಿಣದ ಕಂಬ ನಿಲ್ಲಿಸಿ, ಬಟನ್ ಒತ್ತಿದರೆ ಕಾರು ಆಳೆತ್ತರಕ್ಕೆ ಏರುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಆಯಿಲ್ ಬದಲಿಸಲು ಹೊರಗೆ ಹೋಗಬೇಕಿಲ್ಲ, ಒಂದು ಕಾರಿನ ಜಾಗದಲ್ಲಿ ಎರಡು ನಿಲ್ಲಿಸಬಹುದು ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಆ ವಿಡಿಯೋಗಳಲ್ಲಿ ಯಾರೂ ತೋರಿಸದ ವಸ್ತು ಒಂದಿದೆ. ಅದು ನೆಲ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮನೆ ಕಟ್ಟಿದವರಿಗೆ ಗೊತ್ತು: ಕಾರು ನಿಲ್ಲಿಸುವ ಜಾಗಕ್ಕೆ ಮೇಸ್ತ್ರಿ ರಸ್ತೆಯ ಕಡೆಗೆ ವಾಟ ಕೊಡುತ್ತಾನೆ. ಮಳೆ ನೀರು, ಕಾರು ತೊಳೆದ ನೀರು ಒಳಗೆ ನಿಲ್ಲದೆ ಹರಿದು ಹೋಗಲಿ ಎಂದು. ಅದು ಸರಿಯಾದ ಕೆಲಸವೇ. ಆದರೆ ಈ ವಾಟದ ನೆಲದ ಮೇಲೆ ಲಿಫ್ಟ್ ಕೂರಿಸಬಹುದೇ? ಕೆಳಗೆ ಎರಡು ತಗಡು ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಹೈಡ್ರಾಲಿಕ್ ಆದ್ದರಿಂದ ಇಳಿಜಾರು ಲೆಕ್ಕಕ್ಕೇ ಬರುವುದಿಲ್ಲ ಎನ್ನುವವರೂ ಇದ್ದಾರೆ. ಇದಕ್ಕೆ ಉತ್ತರ ಹುಡುಕುತ್ತಾ ಹೊರಟ ನಾವು ಕೊನೆಗೆ ಬಂದು ನಿಂತದ್ದು ಸುಮಾರು 2,200 ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಮನುಷ್ಯನ ಮುಂದೆ. ಆತನ ಹೆಸರನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ, ಸ್ನಾನದ ತೊಟ್ಟಿಯ ಕಥೆಯ ಜೊತೆಗೆ. ಆ ಕಥೆಗೂ ಬರೋಣ, ಅವಸರವಿಲ್ಲ.

ಆರ್ಕಿಮಿಡೀಸ್ ಹುಟ್ಟಿದ್ದು ಕ್ರಿ.ಪೂ. 287ರ ಸುಮಾರಿಗೆ, ಸಿರಾಕ್ಯೂಸ್ ಎಂಬ ಬಂದರು ಪಟ್ಟಣದಲ್ಲಿ. ಅದು ಈಗಿನ ಇಟಲಿಯ ಸಿಸಿಲಿ ದ್ವೀಪದಲ್ಲಿದೆ. ಆಗ ಅಲ್ಲಿ ಗ್ರೀಕ್ ಮಾತಾಡುವ ಜನರಿದ್ದರು. ತಂದೆ ಫಿಡಿಯಾಸ್ ಆಕಾಶದ ಲೆಕ್ಕ ಹಾಕುವ ಖಗೋಳಜ್ಞ. ಊರಿನ ರಾಜ ಹಿಯೆರೋಗೆ ಆರ್ಕಿಮಿಡೀಸ್ ಹತ್ತಿರದವನಾಗಿದ್ದ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ವಿದ್ವಾಂಸರಿಗೆ ತನ್ನ ಲೆಕ್ಕಗಳನ್ನು ಪತ್ರದ ರೂಪದಲ್ಲಿ ಕಳಿಸುತ್ತಿದ್ದ. ಭೂಮಿಯ ಸುತ್ತಳತೆ ಅಳೆದ ಎರಟೋಸ್ತೆನಿಸ್ ಅವರಲ್ಲೊಬ್ಬ. ಒಂದು ಕುಚೇಷ್ಟೆಯ ಸಂಗತಿ ಎಂದರೆ, ಆತ ಕೆಲವು ಸಲ ಬೇಕೆಂದೇ ತಪ್ಪು ಪ್ರಮೇಯಗಳನ್ನೂ ಸೇರಿಸಿ ಕಳಿಸಿದ್ದ. ಯಾವುದನ್ನು ಕೇಳಿದರೂ ನಮಗೆ ಮೊದಲೇ ಗೊತ್ತಿತ್ತು ಎನ್ನುವವರನ್ನು ಹಿಡಿಯುವುದಕ್ಕೆ. ಓದದೆ ಫಾರ್ವರ್ಡ್ ಮಾಡುವವರು ಆಗಲೂ ಇದ್ದರು ಎಂದಾಯಿತು.

ಆರ್ಕಿಮಿಡೀಸ್ ಸನ್ನೆಗೋಲನ್ನು ಕಂಡುಹಿಡಿದ ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ತಪ್ಪು. ಸನ್ನೆಗೋಲು ಆತನಿಗಿಂತ ಸಾವಿರಾರು ವರ್ಷ ಹಳೆಯದು. ಬಾವಿಯಿಂದ ನೀರೆತ್ತುವ ನಮ್ಮ ಏತ ಸನ್ನೆಗೋಲೇ. ಜಾತ್ರೆಯಲ್ಲಿ ತೇರು ಅಲುಗದಿದ್ದಾಗ ಚಕ್ರದ ಕೆಳಗೆ ಉದ್ದದ ಮರ ತೂರಿಸಿ ನಾಲ್ಕು ಜನ ಒತ್ತುತ್ತಾರಲ್ಲ, ಅದೂ ಸನ್ನೆಗೋಲೇ. ಆತ ಮಾಡಿದ್ದು ಬೇರೆ ಕೆಲಸ. ಎಷ್ಟು ತೂಕ, ಎಷ್ಟು ದೂರದಲ್ಲಿಟ್ಟರೆ, ಇನ್ನೊಂದು ಕಡೆಯ ಎಷ್ಟು ತೂಕಕ್ಕೆ ಸಮವಾಗುತ್ತದೆ ಎಂಬುದನ್ನು ರೇಖಾಗಣಿತದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸಿದ. ಆಧಾರದಿಂದ ಎರಡು ಅಡಿ ದೂರದ 10 ಕೆಜಿ, ಆಚೆ ಕಡೆ ಒಂದು ಅಡಿ ದೂರದ 20 ಕೆಜಿಗೆ ಸಮ. ಅದೇ ಪುಸ್ತಕದಲ್ಲಿ ಗುರುತ್ವ ಕೇಂದ್ರದ ಲೆಕ್ಕವೂ ಇದೆ. ಒಂದು ವಸ್ತುವಿನ ಇಡೀ ತೂಕ ಒಂದೇ ಬಿಂದುವಿನಲ್ಲಿ ನೇತಾಡುತ್ತಿದೆ ಎಂದುಕೊಂಡರೆ ಆ ಬಿಂದು ಎಲ್ಲಿರುತ್ತದೆ? ತ್ರಿಕೋನದ ತಗಡಾದರೆ ಇಲ್ಲಿ, ಇನ್ನೊಂದು ಆಕಾರವಾದರೆ ಅಲ್ಲಿ ಎಂದು ಆತ ಗುರುತು ಹಾಕಿಕೊಟ್ಟ.

ಇಲ್ಲಿಂದಲೇ ಆತನ ಹೆಸರಿಗೆ ಅಂಟಿಕೊಂಡ ಆ ಪ್ರಸಿದ್ಧ ಜಂಬ ಹುಟ್ಟಿದ್ದು. ತನಗೆ ನಿಲ್ಲಲು ಒಂದು ಜಾಗ ಸಿಕ್ಕರೆ ಭೂಮಿಯನ್ನೇ ಅಲುಗಿಸುತ್ತೇನೆ ಎಂದು ಆತ ಹೇಳಿದನೆಂಬ ಮಾತು ಪೋಸ್ಟರುಗಳಲ್ಲಿ, ಸ್ಟೇಟಸ್‌ಗಳಲ್ಲಿ ಓಡಾಡುತ್ತಲೇ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಭೂಮಿಯ ರಾಶಿ ಸುಮಾರು 6ರ ಮುಂದೆ 24 ಸೊನ್ನೆ, ಅಷ್ಟು ಕೆಜಿ. 60 ಕೆಜಿಯ ಮನುಷ್ಯನೊಬ್ಬ ಕೋಲಿನ ತುದಿಯಲ್ಲಿ ಜೋತುಬಿದ್ದ ಎನ್ನಿ. ಭೂಮಿ ಒಂದೇ ಒಂದು ಮಿಲಿಮೀಟರ್ ಅಲುಗಬೇಕಾದರೆ ಆತನ ಕಡೆಯ ತುದಿ ಸುಮಾರು ಹತ್ತು ಸಾವಿರ ಜ್ಯೋತಿರ್ವರ್ಷ ದೂರ ಸರಿಯಬೇಕು. ಬೆಳಕೇ ಆ ದೂರ ಹೋಗಲು ಹತ್ತು ಸಾವಿರ ವರ್ಷ ಬೇಕು. ಬಲ ಉಳಿಸಿದರೆ ದೂರದಲ್ಲಿ ತೆರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಆದರೆ ಆ ಮಾತಿನಲ್ಲಿ ಕೋಲಿಗಿಂತ ಮುಖ್ಯವಾದ ಷರತ್ತೊಂದಿದೆ. ಆತ ಕೇಳಿದ್ದು ಉದ್ದನೆಯ ಕೋಲನ್ನಲ್ಲ, ನಿಲ್ಲಲು ಜಾಗವನ್ನು. ನಮ್ಮ ಕಾರ್ ಶೆಡ್ಡಿನ ಪ್ರಶ್ನೆಯೂ ಅದೇ.

ಎರಡು ಕಂಬದ ಲಿಫ್ಟನ್ನು ನೋಡಿ. ಪ್ರತಿ ಕಂಬದಿಂದ ಎರಡು ತೋಳು ಒಳಗೆ ಚಾಚಿ ಕಾರಿನ ಅಡಿಭಾಗವನ್ನು ಹಿಡಿಯುತ್ತವೆ. ಅಂದರೆ ಕಾರು ಕಂಬದ ಮೇಲೆ ಕೂತಿಲ್ಲ, ಕಂಬದಿಂದ ಪಕ್ಕಕ್ಕೆ ನೇತಾಡುತ್ತಿದೆ. 1,200 ಕೆಜಿಯ ಕಾರು ಎನ್ನೋಣ, ಒಂದು ಕಂಬದ ಪಾಲಿಗೆ 600. ಆ ತೂಕ ಕಂಬದ ಬುಡದ ತಗಡಿನ ಒಳ ಅಂಚಿನಿಂದ ಎರಡು ಅಡಿ ಆಚೆ ಬೀಳುತ್ತದೆ, ನೆಲಕ್ಕೆ ಹಿಡಿದಿರುವ ಹೊರಗಿನ ಬೋಲ್ಟುಗಳು ಅದೇ ಅಂಚಿನಿಂದ ಒಂದೇ ಅಡಿ ದೂರದಲ್ಲಿವೆ ಎಂದಿಟ್ಟುಕೊಳ್ಳಿ. ಆರ್ಕಿಮಿಡೀಸನ ಲೆಕ್ಕದ ಪ್ರಕಾರ ಆ ಬೋಲ್ಟುಗಳನ್ನು ನೆಲದಿಂದ ಮೇಲಕ್ಕೆ ಕೀಳುವ ಬಲ ಸುಮಾರು 1,200 ಕೆಜಿ. ಒಂದು ಕಂಬಕ್ಕೇ ಇಡೀ ಕಾರಿನ ತೂಕದಷ್ಟು! ಇಲ್ಲಿ ಸನ್ನೆಗೋಲಿನ ಉದ್ದದ ಕಡೆ ಇರುವುದು ಕಾರು, ಗಿಡ್ಡ ಕಡೆ ಇರುವುದು ನಮ್ಮ ನೆಲ. ಏತದಲ್ಲಿ ನಮಗೆ ಸಹಾಯ ಮಾಡುವ ನಿಯಮ ಇಲ್ಲಿ ನಮ್ಮ ವಿರುದ್ಧ ನಿಂತಿದೆ. ಇದು ಸಮತಟ್ಟು ನೆಲದ ಮಾತು. ವಾಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈಗ ವಾಟ ಸೇರಿಸೋಣ. ಅಡಿಗೆ ಕಾಲು ಇಂಚಿನ ವಾಟ ಎಂದರೆ ಕಣ್ಣಿಗೆ ಕಾಣುವುದೇ ಕಷ್ಟ. ಆ ನೆಲದ ಮೇಲೆ 12 ಅಡಿ ಎತ್ತರದ ಕಂಬವನ್ನು ಹಾಗೇ ನಿಲ್ಲಿಸಿದರೆ ಅದರ ತಲೆ ಮೂರು ಇಂಚು ರಸ್ತೆಯ ಕಡೆಗೆ ವಾಲಿರುತ್ತದೆ. ಕಾರನ್ನು ಆರು ಅಡಿ ಎತ್ತಿದಾಗ ಅದರ ಗುರುತ್ವ ಕೇಂದ್ರ ಸುಮಾರು ಎಂಟು ಅಡಿಯಲ್ಲಿರುತ್ತದೆ. ಅಲ್ಲಿಂದ ತೂಗುಗುಂಡು ಇಳಿಬಿಟ್ಟರೆ ಅದು ಮುಟ್ಟುವ ಜಾಗ ಎರಡು ಇಂಚು ಮುಂದಕ್ಕೆ ಸರಿದಿರುತ್ತದೆ. ಎರಡು ಇಂಚಿಗೆ ಕಾರು ತಕ್ಷಣ ಉರುಳಿ ಬೀಳುವುದಿಲ್ಲ, ನಿಜ. ಹಾಗೆ ಹೆದರಿಸುವ ವಿಡಿಯೋಗಳೂ ಅತಿ ಮಾಡುತ್ತವೆ. ಆದರೆ ಪ್ರತಿ ಸಲ ಎತ್ತಿದಾಗಲೂ ಒಂದೇ ಕಡೆಯ ಬೋಲ್ಟುಗಳ ಮೇಲೆ ಹೆಚ್ಚಿನ ಎಳೆತ ಬೀಳುತ್ತದೆ. ಸ್ಪ್ಯಾನರ್ ಹಿಡಿದು ಗಟ್ಟಿಯಾಗಿ ಎಳೆದಾಗ, ಇಂಜಿನ್ ಇಳಿಸಿದಾಗ ತೂಕ ಇನ್ನಷ್ಟು ಸರಿಯುತ್ತದೆ. ಕೆಳಗೆ ನಿಂತಿರುವವರು ನೀವು.

ತಗಡು ಕೊಡುವ ಮಾತು ಪೂರ್ತಿ ಸುಳ್ಳಲ್ಲ. ಕಂಬದ ಬುಡಕ್ಕೆ ಉಕ್ಕಿನ ತೆಳು ತಗಡು ಇಟ್ಟು ಕಂಬವನ್ನು ನೇರ ಮಾಡುವುದು ಒಪ್ಪಿತ ವಿಧಾನವೇ. ಆದರೆ ಹಲವು ತಯಾರಕರು ಇದಕ್ಕೆ ಸುಮಾರು ಅರ್ಧ ಇಂಚಿನ ಮಿತಿ ಹಾಕುತ್ತಾರೆ. ನಿಮ್ಮ ಲಿಫ್ಟಿನ ಕೈಪಿಡಿಯಲ್ಲಿ ಎಷ್ಟಿದೆಯೋ ಅದೇ ಕೊನೆ. ವಾಟ ಕಾರಿನ ಉದ್ದಕ್ಕೆ, ಅಂದರೆ ಮನೆಯಿಂದ ರಸ್ತೆಗೆ ಇದ್ದರೆ, ಒಂದೂವರೆ ಅಡಿಯ ಬುಡದ ತಗಡಿಗೆ ಬೇಕಾಗುವುದು ಮುಕ್ಕಾಲಿನರ್ಧ ಇಂಚು, ಅಂದರೆ ಹತ್ತು ಮಿಲಿಮೀಟರಿಗೂ ಕಡಿಮೆ. ಇದು ಮಿತಿಯೊಳಗೇ ಇದೆ. ಆದರೆ ವಾಟ ಅಡ್ಡಕ್ಕಿದ್ದರೆ ಕಥೆ ಬೇರೆ. ಕಂಬಗಳ ನಡುವೆ 11 ಅಡಿ ಇದ್ದರೆ ಒಂದು ಕಂಬ ಇನ್ನೊಂದಕ್ಕಿಂತ ಎರಡೂ ಮುಕ್ಕಾಲು ಇಂಚು ಕೆಳಗೆ ಹೋಗುತ್ತದೆ. ಇದನ್ನು ತಗಡಿನಲ್ಲಿ ತುಂಬಲು ಹೋಗಬಾರದು. ತಗಡು ದಪ್ಪವಾದಷ್ಟೂ ಬೋಲ್ಟು ಕಾಂಕ್ರೀಟಿನೊಳಗೆ ಇಳಿಯುವ ಆಳ ಕಡಿಮೆಯಾಗುತ್ತದೆ. ಇದನ್ನು ಯಾವ ವಿಡಿಯೋವೂ ಹೇಳುವುದಿಲ್ಲ.

ಕಂಬ ನೇರವಾದ ಮೇಲೂ ಇನ್ನೊಂದು ತೊಡಕಿದೆ. ಕಾರು ಬಂದು ನಿಲ್ಲುವುದು ವಾಟದ ನೆಲದ ಮೇಲೇ ತಾನೆ? ತೋಳುಗಳು ಮೇಲೇರುವಾಗ ಕಾರಿನ ತಗ್ಗಿನ ತುದಿಯನ್ನು ಮೊದಲು ಮುಟ್ಟುತ್ತವೆ. ಆ ಕಡೆಯ ಚಕ್ರಗಳು ನೆಲ ಬಿಟ್ಟಿರುತ್ತವೆ, ಈ ಕಡೆಯವು ಇನ್ನೂ ನೆಲದ ಮೇಲಿರುತ್ತವೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗ ಮೊದಲು ಎದ್ದರೆ ಕಾರು ತೋಳಿನ ಮೇಲಿಂದ ಜಾರಲು ಅಷ್ಟೇ ಸಾಕು. ತೋಳಿನ ತುದಿಯ ಪ್ಯಾಡುಗಳ ಎತ್ತರವನ್ನು ತಿರುಗಿಸಿ ಹೊಂದಿಸಿ, ನಾಲ್ಕೂ ಒಟ್ಟಿಗೆ ಮುಟ್ಟುವಂತೆ ಮಾಡಿಕೊಂಡೇ ಮುಂದುವರಿಯಬೇಕು.

ಇನ್ನು ನೆಲದೊಳಗೆ ಏನಿದೆ ಎಂಬುದು. ಎರಡು ಕಂಬದ ಲಿಫ್ಟುಗಳಿಗೆ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಇಂಚು ಅಥವಾ ಅದಕ್ಕೂ ದಪ್ಪದ, ಎಂ20 ಆಸುಪಾಸಿನ ಗಟ್ಟಿ ಕಾಂಕ್ರೀಟ್ ಕೇಳುತ್ತಾರೆ. ಅಂದರೆ 1:1.5:3 ಹದ. ನಮ್ಮ ಮನೆಗಳ ಮುಂದೆ ಎಷ್ಟೋ ಸಲ ಹಾಕಿರುವುದು 1:4:8 ಹದದ ಬೆಡ್, ಅದರ ಮೇಲೆ ಸಿಮೆಂಟ್ ಗಾರೆ, ಅದರ ಮೇಲೆ ಪಾರ್ಕಿಂಗ್ ಟೈಲ್ಸ್. ಆ ಬೆಡ್ಡಿನ ಗಟ್ಟಿತನ ಎಂ20ರ ಅರ್ಧಕ್ಕೂ ಕಡಿಮೆ. ಟೈಲ್ಸ್, ಗಾರೆ ಎರಡನ್ನೂ ದಪ್ಪದ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ವಾಟ ಮುಚ್ಚಲು ಮೇಲೆ ಎರಡು ಇಂಚು ಸಿಮೆಂಟ್ ಬಳಿದು ಮಟ್ಟ ಮಾಡಿ ಅದರಲ್ಲಿ ಬೋಲ್ಟು ಹೊಡೆಯುವುದಂತೂ ದೋಸೆಗೆ ಮೊಳೆ ಹೊಡೆದ ಹಾಗೆ. ಎಳೆದಾಗ ಬೋಲ್ಟಿನ ಸುತ್ತ ಆಲಿಕೆಯ ಆಕಾರದಲ್ಲಿ ಕಾಂಕ್ರೀಟ್ ಕಿತ್ತು ಬರುತ್ತದೆ. ಕಾಂಕ್ರೀಟ್ ತೆಳುವಾದಷ್ಟೂ, ಬಡವಾದಷ್ಟೂ ಬೇಗ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಬೇರೆಯಾಗಿಯೇ ಹೇಳುತ್ತೇವೆ. ನಮ್ಮ ಕಡೆ ನೀರಿನ ಸಂಪು ಹೆಚ್ಚಾಗಿ ಇರುವುದೇ ಕಾರು ನಿಲ್ಲಿಸುವ ಜಾಗದ ಕೆಳಗೆ. ಸಂಪಿನ ಮುಚ್ಚಳದ ಸ್ಲ್ಯಾಬಿನ ಮೇಲೆ ಕಾರು ಹಾದುಹೋಗಬಹುದು, ಆದರೆ ಕಂಬ ನಿಲ್ಲಿಸಿ ಬೋಲ್ಟು ಹೊಡೆಯಲು ಅದನ್ನು ಕಟ್ಟಿರುವುದಿಲ್ಲ. ಸಂಪು, ಪಿಟ್, ಚೇಂಬರ್ ಇರುವ ಜಾಗ ಬಿಟ್ಟುಬಿಡಿ. ಎರೆಮಣ್ಣಿನ ನೆಲವಾದರೆ ಅದು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಇಂದು ನೇರ ಇದ್ದ ಕಂಬ ಮುಂದಿನ ವರ್ಷ ನೇರ ಇರುತ್ತದೆ ಎನ್ನುವಂತಿಲ್ಲ.

ಹಾಗಾದರೆ ದಾರಿ? ಕಂಬ ಬರುವ ಜಾಗದ ಹಳೆ ನೆಲವನ್ನು ಕತ್ತರಿಸಿ ತೆಗೆದು, ಸ್ಟ್ರಕ್ಚರಲ್ ಇಂಜಿನಿಯರ್ ಹೇಳಿದ ಆಳ ಅಗಲಕ್ಕೆ ಕಬ್ಬಿಣ ಕಟ್ಟಿ, ಮಟ್ಟವಾಗಿ ಹೊಸ ಕಾಂಕ್ರೀಟ್ ಸುರಿಯುವುದು. 28 ದಿನ ಕ್ಯೂರಿಂಗ್ ಆಗುವವರೆಗೆ ಬೋಲ್ಟಿಗೆ ಕೈ ಹಾಕಬಾರದು. ಸುತ್ತಲಿನ ನೆಲದ ವಾಟ ಹಾಗೇ ಇರಲಿ, ನೀರು ಅದರ ಪಾಡಿಗೆ ಹರಿಯಲಿ. ನಾಲ್ಕು ಕಂಬದ ಲಿಫ್ಟು ಇದಕ್ಕಿಂತ ಸ್ವಲ್ಪ ಸಾಧು. ಅದರಲ್ಲಿ ಕಾರು ಹಲಗೆಗಳ ಮೇಲೆ ನಿಲ್ಲುತ್ತದೆ, ತೂಕ ನಾಲ್ಕು ಕಂಬಗಳ ನಡುವೆಯೇ ಕೆಳಗೆ ಇಳಿಯುತ್ತದೆ, ಬೋಲ್ಟು ಕೀಳುವ ಸನ್ನೆ ಅಷ್ಟಾಗಿ ಇರುವುದಿಲ್ಲ. ಹಲವು ಮಾದರಿಗಳಲ್ಲಿ ಪ್ರತಿ ಕಂಬದ ಲಾಕಿನ ಎತ್ತರವನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ಹಾಗಾಗಿ ಸಣ್ಣ ವಾಟವನ್ನು ಅದು ತಾಳಿಕೊಳ್ಳುತ್ತದೆ. ಕಂಬಗಳು ಮಾತ್ರ ಅಲ್ಲೂ ತೂಗುಗುಂಡಿಗೆ ನೇರವೇ ಇರಬೇಕು.

ಮತ್ತೆ ಸಿರಾಕ್ಯೂಸಿಗೆ ಬರೋಣ. ರಾಜ ಹಿಯೆರೋಗೆ ಆರ್ಕಿಮಿಡೀಸನ ಮಾತಿನಲ್ಲಿ ನಂಬಿಕೆ ಬರಲಿಲ್ಲವಂತೆ. ಜನ, ಸರಕು ತುಂಬಿದ ಮೂರು ಕೂವೆಗಳ ಹಡಗೊಂದನ್ನು ಆತ ದೂರದಲ್ಲಿ ಕೂತು ರಾಟೆಗಳ ಸಾಲಿನ ಹಗ್ಗದಿಂದ ಸಲೀಸಾಗಿ ಎಳೆದು ತೋರಿಸಿದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಪ್ಲುಟಾರ್ಕ್ ಬರೆದದ್ದು ಸುಮಾರು 300 ವರ್ಷ ಕಳೆದ ಮೇಲೆ, ಆದ್ದರಿಂದ ಸ್ವಲ್ಪ ಉಪ್ಪು ಖಾರ ಸೇರಿರಬಹುದು. ತತ್ವವಂತೂ ಸರಿ. 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ದ್ರವದ ಒತ್ತಡದಲ್ಲೂ ಇದೇ ವ್ಯಾಪಾರ ನಡೆಯುತ್ತದೆಂದು ವಿವರಿಸಿದ. ದೊಡ್ಡ ಪಿಸ್ಟನ್ ಚಿಕ್ಕದರ 50 ಪಟ್ಟು ವಿಸ್ತೀರ್ಣದ್ದಾದರೆ 50 ಪಟ್ಟು ತೂಕ ಎತ್ತಬಹುದು, ಆದರೆ ಕಾರು ಒಂದು ಇಂಚು ಏರಲು ಚಿಕ್ಕ ಪಿಸ್ಟನ್ 50 ಇಂಚು ಓಡಬೇಕು. ಹೈಡ್ರಾಲಿಕ್ ಎಂಬುದು ಎಣ್ಣೆಯಿಂದ ಮಾಡಿದ ಸನ್ನೆಗೋಲು, ಅಷ್ಟೇ. ಅದು ಎತ್ತುವ ಕೆಲಸ ಮಾಡುತ್ತದೆ, ನೆಲದ ವಾಟವನ್ನು ಸರಿಮಾಡುವುದಿಲ್ಲ. ಏರುವಾಗ ಟಕ್ ಟಕ್ ಎಂದು ಸದ್ದು ಮಾಡುವ ಕಬ್ಬಿಣದ ಲಾಕುಗಳ ಮೇಲೆ ಕಾರನ್ನು ಇಳಿಸಿ ಕೂರಿಸಿದ ಮೇಲೆಯೇ ಅದರ ಕೆಳಗೆ ಹೋಗಬೇಕು. ಬರೀ ಎಣ್ಣೆಯ ಒತ್ತಡವನ್ನು ನಂಬಿ ಹೋಗಬಾರದು.

ಈಗ ಸ್ನಾನದ ತೊಟ್ಟಿ. ರಾಜನ ಕಿರೀಟದಲ್ಲಿ ಬೆಳ್ಳಿ ಬೆರೆಸಿದ್ದಾರೆಯೇ ಎಂದು ಯೋಚಿಸುತ್ತಾ ತೊಟ್ಟಿಗಿಳಿದವನು ನೀರು ಚೆಲ್ಲಿದ್ದು ನೋಡಿ ಬೆತ್ತಲೆ ಓಡಿದ ಎಂಬ ಕಥೆ ಆತನ ಬರಹಗಳಲ್ಲಿ ಎಲ್ಲೂ ಇಲ್ಲ. ಅದನ್ನು ಬರೆದವನು ಸುಮಾರು 200 ವರ್ಷಗಳ ನಂತರದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್. ಲೆಕ್ಕವೂ ಕೂಡುವುದಿಲ್ಲ. ಒಂದು ಕೆಜಿಯ ಕಿರೀಟದಲ್ಲಿ 300 ಗ್ರಾಂ ಬೆಳ್ಳಿ ಬೆರೆಸಿದ್ದರೂ, 20 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ನೀರಿನ ಮಟ್ಟದ ವ್ಯತ್ಯಾಸ ಅರ್ಧ ಮಿಲಿಮೀಟರೂ ಆಗುವುದಿಲ್ಲ. ಆಗಿನ ಕಾಲದಲ್ಲಿ ಅದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಆತ ತಕ್ಕಡಿಯನ್ನೇ ನೀರಿನಲ್ಲಿ ಮುಳುಗಿಸಿ ತೂಗಿರಬೇಕು ಎಂದು 1586ರಲ್ಲಿ ಯುವಕ ಗೆಲಿಲಿಯೋ ವಾದಿಸಿದ. ನಮಗೂ ಅದೇ ಸರಿ ಎನಿಸುತ್ತದೆ, ಏಕೆಂದರೆ ಆ ತಕ್ಕಡಿಗೆ ಬೇಕಾದ ಎರಡು ನಿಯಮಗಳೂ ಆರ್ಕಿಮಿಡೀಸನವೇ.

ನೀರಿನ ಬಗ್ಗೆ ಆತ ಬರೆದ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಲುಗದೆ ನಿಂತ ನೀರಿನ ಮೇಲ್ಮೈ ಭೂಮಿಯ ಕೇಂದ್ರವನ್ನೇ ನಡುವಾಗಿಟ್ಟುಕೊಂಡ ಗೋಲದ ತುಣುಕು ಎಂದು ಆತ ಸಾಧಿಸಿದ. ಒಂದು ಮನೆಯ ಅಳತೆಗೆ ಅದು ಸಮತಟ್ಟು. ಗಾರೆ ಮೇಸ್ತ್ರಿ ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ಗೋಡೆಗೆ ಹಿಡಿದು ಗೆರೆ ಎಳೆಯುತ್ತಾನಲ್ಲ, ಆ ಟ್ಯೂಬ್ ಲೆವೆಲ್ ನಿಂತಿರುವುದು ಇದೇ ಸತ್ಯದ ಮೇಲೆ. ಲಿಫ್ಟಿಗೆ ಮುಂಗಡ ಕೊಡುವ ಮೊದಲು ಅದೇ ಪೈಪನ್ನು ಕಂಬ ಬರುವ ಎರಡು ಜಾಗಕ್ಕೆ ಹಿಡಿದು, ನೀರಿನ ಗೆರೆಯಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆಯಿರಿ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಹತ್ತು ನಿಮಿಷದ ಕೆಲಸ. ಮೊಬೈಲಿನ ಲೆವೆಲ್ ಆ್ಯಪ್ ಒಂದು ಗೇಣಿನ ಜಾಗವನ್ನಷ್ಟೇ ನೋಡುತ್ತದೆ, ಅದನ್ನು ನಂಬಬೇಡಿ.

ಕ್ರಿ.ಪೂ. 214ರ ಸುಮಾರಿಗೆ ರೋಮಿನ ಸೇನಾಪತಿ ಮಾರ್ಸೆಲಸ್ ಸಿರಾಕ್ಯೂಸಿಗೆ ಮುತ್ತಿಗೆ ಹಾಕಿದ. ಆರ್ಕಿಮಿಡೀಸ್ ಆಗ ಎಪ್ಪತ್ತು ದಾಟಿದ ಮುದುಕ. ಕನ್ನಡಿಗಳಿಂದ ಬಿಸಿಲು ಹಾಯಿಸಿ ಶತ್ರುಗಳ ಹಡಗು ಸುಟ್ಟ ಎಂಬ ಚಿತ್ರ ನೀವು ನೋಡಿರುತ್ತೀರಿ. ಆ ಮುತ್ತಿಗೆಯ ಬಗ್ಗೆ ಬರೆದವರಲ್ಲಿ ಕಾಲಕ್ಕೆ ಹತ್ತಿರದವನಾದ ಪಾಲಿಬಿಯಸ್ ಕನ್ನಡಿಯ ಮಾತೇ ಎತ್ತುವುದಿಲ್ಲ. ಅದು ಶತಮಾನಗಳ ನಂತರ ಸೇರಿಕೊಂಡದ್ದು. ಪಾಲಿಬಿಯಸ್ ವಿವರಿಸುವುದು ಬೇರೆ ಯಂತ್ರವನ್ನು: ಕೋಟೆಯ ಗೋಡೆಯ ಮೇಲಿಂದ ಚಾಚಿದ ತೊಲೆ, ಅದರ ತುದಿಯ ಸರಪಳಿಯಲ್ಲಿ ಕಬ್ಬಿಣದ ಕೈ. ಅದು ಹಡಗಿನ ಮೂತಿ ಹಿಡಿದು ಮೇಲೆತ್ತಿ, ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲಿಸಿ, ಥಟ್ಟನೆ ಕೈಬಿಡುತ್ತಿತ್ತು. ಹಡಗು ಮಗುಚಿಕೊಳ್ಳುತ್ತಿತ್ತು, ಇಲ್ಲವೇ ನೀರು ತುಂಬಿಕೊಳ್ಳುತ್ತಿತ್ತು. ಒಂದು ಲೆಕ್ಕದಲ್ಲಿ ಅದೂ ಲಿಫ್ಟೇ, ಬೀಳಿಸುವುದಕ್ಕೆಂದೇ ಮಾಡಿದ ಲಿಫ್ಟು. ಅದನ್ನು ಆತ ನಿಲ್ಲಿಸಿದ್ದು ಕೋಟೆಯ ದಪ್ಪ ಕಲ್ಲಿನ ಗೋಡೆಯ ಮೇಲೆ ಎಂಬುದನ್ನು ಗಮನಿಸಿ.

ಕ್ರಿ.ಪೂ. 212ರಲ್ಲಿ ಊರು ರೋಮನ್ನರ ವಶವಾಯಿತು. ಆತನನ್ನು ಜೀವಂತ ಹಿಡಿಯಬೇಕೆಂದು ಮಾರ್ಸೆಲಸ್‌ಗೆ ಆಸೆಯಿತ್ತು ಎನ್ನುತ್ತಾರೆ. ಲೂಟಿಯ ಗದ್ದಲದಲ್ಲಿ ಒಬ್ಬ ಸೈನಿಕ ಆತನನ್ನು ಕೊಂದ. ಸಾಯುವ ಮುಂಚೆ ಆಡಿದನೆಂದು ಹೇಳುವ ಮಾತು ಬಹಳ ಕಾಲದ ನಂತರದ ಸೇರ್ಪಡೆ, ಅದನ್ನು ನಾವಿಲ್ಲಿ ಬರೆಯುವುದಿಲ್ಲ.

ಆತ ಬಯಸಿದಂತೆ ಸಮಾಧಿಯ ಮೇಲೆ ಸಿಲಿಂಡರಿನೊಳಗೆ ಕೂತ ಗೋಲದ ಚಿತ್ರ ಕೆತ್ತಿಸಿದ್ದರು. ಗೋಲದ ಗಾತ್ರ ಸಿಲಿಂಡರಿನ ಮೂರನೇ ಎರಡರಷ್ಟು ಎಂಬುದು ಆತನಿಗೆ ಬಹಳ ಹೆಮ್ಮೆಯ ಶೋಧ. ಅದನ್ನು ಮೊದಲು ಹೇಗೆ ಕಂಡುಕೊಂಡ ಎಂಬ ಗುಟ್ಟು 1906ರವರೆಗೆ ಹೊರಬರಲಿಲ್ಲ. ಆ ವರ್ಷ ಈಗಿನ ಇಸ್ತಾಂಬುಲ್‌ನಲ್ಲಿ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಒಂದು ಹಳೆಯ ಪ್ರಾರ್ಥನಾ ಪುಸ್ತಕ ನೋಡಿದ. ಅದರ ಚರ್ಮದ ಹಾಳೆಗಳಲ್ಲಿ ಹಿಂದೆ ಇದ್ದ ಬರಹವನ್ನು 13ನೇ ಶತಮಾನದಲ್ಲಿ ಕೆರೆದು ಅಳಿಸಿ ಪ್ರಾರ್ಥನೆ ಬರೆದಿದ್ದರು. ಅಳಿಸಿದ್ದು ಆರ್ಕಿಮಿಡೀಸನ ಪುಸ್ತಕಗಳನ್ನು! ಮಸುಕಾಗಿ ಕಾಣುತ್ತಿದ್ದ ಸಾಲುಗಳಲ್ಲಿ ಎರಟೋಸ್ತೆನಿಸ್‌ಗೆ ಬರೆದ ಪತ್ರವೊಂದಿತ್ತು. ಅದರಲ್ಲಿ ಆತ ಗೋಲವನ್ನೂ ಸಿಲಿಂಡರನ್ನೂ ತೆಳುವಾಗಿ ಹೆಚ್ಚಿ, ಆ ಬಿಲ್ಲೆಗಳನ್ನು ಮನಸ್ಸಿನಲ್ಲೇ ಒಂದು ಸನ್ನೆಗೋಲಿಗೆ ನೇತುಹಾಕಿ ತೂಗಿದ್ದ. 1998ರಲ್ಲಿ ಆ ಪುಸ್ತಕ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು.

ಸಮಾಧಿಯ ಗತಿ ಅಷ್ಟು ಒಳ್ಳೆಯದಾಗಲಿಲ್ಲ. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ರೋಮಿನ ಸಿಸೆರೋ ಹುಡುಕಿದಾಗ ಊರಿನವರಿಗೇ ಅದರ ನೆನಪಿರಲಿಲ್ಲ. ಮುಳ್ಳಿನ ಪೊದೆಯೊಳಗೆ ಗೋಲ ಮತ್ತು ಸಿಲಿಂಡರ್ ಇದ್ದ ಗಿಡ್ಡ ಕಂಬವೊಂದು ಕಂಡಿತು. ಕುಡುಗೋಲು ಹಿಡಿದವರನ್ನು ಕಳಿಸಿ ಪೊದೆ ಸವರಿಸಿದ. ಆಮೇಲೆ ಅದೂ ಕಳೆದುಹೋಯಿತು. ಇಂದು ಸಿರಾಕ್ಯೂಸಿನಲ್ಲಿ ಪ್ರವಾಸಿಗರು ಆರ್ಕಿಮಿಡೀಸ್ ಸಮಾಧಿ ಎಂದು ಫೋಟೋ ತೆಗೆದು ಕಳಿಸುವ ಬಂಡೆಯ ಗುಹೆ ರೋಮನ್ನರ ಕಾಲದ ಬೇರೆ ಯಾರದೋ ಗೋರಿ.